ತಂತಿಗೆ ಚುಚ್ಚಿದ ಹೆಸರು

ನಮ್ಮ ದೊಡ್ಡಪ್ಪನ ಮಗ ಸೀತಾರಾಮನಿಗೆ ಒಂದು ಇಂಜೆಕ್ಷನ್ ಆಗಿಬರುತ್ತಿರಲಿಲ್ಲ. ತೊಂಬತ್ತನಾಲ್ಕನೇ ಇಸವಿಯಲ್ಲಿ ಬೆನ್ನಿನ ಕುರು ಕೀವಾಗಿ ಹುಬ್ಬಳ್ಳಿಗೆ ಹೋದಾಗ ಅಲ್ಲಿಯ ವೈದ್ಯರೊಬ್ಬರು ಅದನ್ನು ಚುಚ್ಚಿದರು. ಎರಡೇ ನಿಮಿಷಕ್ಕೆ ಮುಖ ಊದಿ, ಉಸಿರು ಕಟ್ಟಿ, ಮಂಚದಿಂದ ಕೆಳಗೆ ಬಿದ್ದ. ಹೇಗೋ ಉಳಿಸಿಕೊಂಡರು. ಇದೇ ಔಷಧ ಇನ್ನೊಮ್ಮೆ ಮೈಗೆ ಹೋದರೆ ಉಳಿಯುವ ಮಾತಿಲ್ಲ ಎಂದು ಎಚ್ಚರಿಸಿ, ಸೀತಾರಾಮ ಜೇಬಿನಿಂದ ತೆಗೆದುಕೊಟ್ಟ ಕಾರ್ಡಿನ ಹಿಂಬದಿಗೆ ಅದರ ಹೆಸರು ಬರೆದುಕೊಟ್ಟರು. ಶಿರಸಿಗೆ ಬಂದವನೇ ಅವನು ಆ ಕಾರ್ಡನ್ನು ತಂತಿಗೆ ಚುಚ್ಚಿದ. ಹೆಸರೇನು ಎಂದು ಕೇಳಿದ್ದಕ್ಕೆ, ನಾಲಿಗೆಗೆ ಹೊರಳುವಂಥದ್ದಲ್ಲ, ಕಾರ್ಡಿನಲ್ಲಿದೆ ಎಂದ. ಬರೆದಾದ ಮೇಲೆ ತಲೆಗೆ ಯಾಕೆ ಕೆಲಸ ಎನ್ನುವ ಪೈಕಿ ಅವನು.

ಆ ತಂತಿಯ ಬಗ್ಗೆ ಹೇಳಬೇಕು. ಸೀತಾರಾಮ ಶಿರಸಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರದ ಮೇಲಿದ್ದ. ಮಸಿ ಚೆಲ್ಲಿದ್ದು, ಅಂಚು ಸೊಟ್ಟಗಾದದ್ದು, ವರನ ಹೆಸರಿನ ಜಾಗದಲ್ಲಿ ಮಾವನ ಹೆಸರು ಬಿದ್ದದ್ದು, ಹೀಗೆ ಹಾಳಾದ ಆಮಂತ್ರಣ ಪತ್ರಿಕೆಗಳೆಲ್ಲ ಅವನ ಮನೆಗೆ ಬರುತ್ತಿದ್ದವು. ಮನೆಗೆ ಅಂಚೆಯಲ್ಲಿ ಬಂದ ಕಾರ್ಡುಗಳೂ ಅವುಗಳ ಜೊತೆ ಸೇರುತ್ತಿದ್ದವು. ಅವುಗಳ ಖಾಲಿ ಬೆನ್ನಿನ ಮೇಲೆ ಅವನು ಬರೆಯುತ್ತಿದ್ದ. ಬರೆದದ್ದನ್ನು ಅಡುಗೆಮನೆ ಬಾಗಿಲ ಪಕ್ಕ ತೂಗುಹಾಕಿದ್ದ ಕೊಕ್ಕೆಯ ತಂತಿಗೆ ಚುಚ್ಚುತ್ತಿದ್ದ. ಅಂಥ ತಂತಿ ಮೂರಿದ್ದವು.

ತನ್ನದನ್ನಷ್ಟೇ ಬರೆದುಕೊಂಡಿದ್ದರೆ ಯಾರು ಕೇಳುತ್ತಿದ್ದರು? ಕೇರಿಯದೆಲ್ಲ ಅವನ ತಲೆಗೆ. ಸೊಪ್ಪು ಮಾರುವ ಚೌಡಮ್ಮ ತನ್ನ ಎಮ್ಮೆ ಗಬ್ಬವಾದ ದಿನ ಬರೆಸುವವಳು. ಯಾರದೋ ಮಗುವಿನ ಹುಟ್ಟಿದ ಗಳಿಗೆ, ಯಾರೋ ಒಯ್ದ ಏಣಿ, ಸೊಸೆ ಆಡಿದ ಮಾತು, ಎಲ್ಲವೂ ಅವನ ಹತ್ತಿರ. ನಮ್ಮ ಜನಕ್ಕೆ ಬರೆಯುವುದು ಬೇಡ, ಬರೆದಿಟ್ಟದ್ದು ಬೇಕು. ಹೇಳಿದ ಕೂಡಲೇ ಬರೆದುಕೊಳ್ಳಬೇಕು, ಕೇಳಿದ ಕೂಡಲೇ ಸಿಗಬೇಕು, ಮೂರನೆಯವರಿಗೆ ತಿಳಿಯಬಾರದು. ತನಗೆ ಬೇಡವಾದ ದಿನ ಬರೆದದ್ದೇ ಇಲ್ಲ ಎನ್ನಬೇಕು. ಸೀತಾರಾಮ ಇಷ್ಟನ್ನೂ ಪುಕ್ಕಟೆ ಮಾಡುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಅವನಿಗೆ ಬರುತ್ತಿರಲಿಲ್ಲ.

ತೊಂಬತ್ತೆಂಟರಲ್ಲಿ ಅವನ ಹೆಂಡತಿ ನೀಲಾ ಕಾಮಾಲೆಯಾಗಿ ತೀರಿಕೊಂಡಳು. ಮಕ್ಕಳಿರಲಿಲ್ಲ. ನಾನು ಎರಡು ಬೀದಿ ಆಚೆಯೇ ಇದ್ದವಳು, ದಿನಾ ಹೋಗಿ ಬರುತ್ತಿದ್ದೆ. ಬೆಳಗಿನ ಚಹಾ ಅವನಿಗೆ ನನ್ನ ಕೈಯದೇ ಆಗಬೇಕಿತ್ತು.

ಎರಡು ಸಾವಿರನೇ ಇಸವಿಯ ನವರಾತ್ರಿಯಲ್ಲಿ, ಶಾರದೆಯ ಮುಂದೆ ಪುಸ್ತಕ ಇಡುವ ದಿನ, ಅವನ ಮನೆ ಗುಡಿಸಲು ಹೋದೆ. ಅವನು ಪ್ರೆಸ್ಸಿಗೆ ಹೋಗಿದ್ದ. ತಂತಿಯ ಧೂಳು ಕೊಡವುವಾಗ ಮದುವೆ ಕಾರ್ಡುಗಳ ನಡುವೆ ಕಪ್ಪು ಅಂಚಿನ ನಾಲ್ಕು ಕಾರ್ಡು ಕಂಡವು. ಹದಿಮೂರನೇ ದಿನದ ಕಾರ್ಡುಗಳು. ಸಾವಿನ ಕಾಗದವನ್ನು ಓದಿದ ಕೂಡಲೇ ಹರಿದು ಹಾಕಬೇಕು, ಮನೆಯೊಳಗೆ ಇಟ್ಟುಕೊಳ್ಳಬಾರದು ಎಂಬುದು ಸಣ್ಣ ಮಕ್ಕಳಿಗೂ ಗೊತ್ತು. ಇವನು ಅನ್ನ ಬೇಯುವ ಜಾಗದಲ್ಲಿ ತೂಗುಹಾಕಿಕೊಂಡಿದ್ದಾನೆ! ನಾಲ್ಕನ್ನೂ ಕಿತ್ತು, ಚೂರು ಮಾಡಿ, ಬಚ್ಚಲ ಒಲೆಗೆ ಹಾಕಿದೆ. ಹಿಂಬದಿ ತಿರುಗಿಸಿ ನೋಡಲಿಲ್ಲ.

ಸಂಜೆ ಅವನು ಬಂದಾಗ ಬಾಯಿಗೆ ಬಂದಂತೆ ಬೈದೆ. ಇಂಥದ್ದನ್ನೆಲ್ಲ ಮನೆಯಲ್ಲಿ ಇಟ್ಟುಕೊಂಡೇ ನೀಲಾ ಹೋದಳು ಎಂದೂ ಅಂದೆ. ಅವನು ತಂತಿಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತ. ಆಮೇಲೆ ಚಹಾ ಇದೆಯಾ ಎಂದು ಕೇಳಿದ.

ಎರಡು ಸಾವಿರದ ಮೂರನೇ ಇಸವಿ, ಜೂನ್ ತಿಂಗಳು. ನಾನು ದೋಸೆಗೆ ರುಬ್ಬುತ್ತಿದ್ದೆ. ಪ್ರೆಸ್ಸಿನಲ್ಲಿ ಅವನ ಜೊತೆ ಕೆಲಸ ಮಾಡುವ ಎಕ್ಕಂಬಿಯ ಮಾದೇವ ಅಂಗಳಕ್ಕೆ ಓಡಿ ಬಂದ. ಅವನ ಅಂಗಿಯ ತುಂಬ ರಕ್ತ.

"ಅಕ್ಕಾರ, ಲಗೂನ ಬರ್ರಿ. ಸೀತಾರಾಮಣ್ಣನ ಕೈ ಮಿಷನ್ನಿನ್ಯಾಗ ಸಿಕ್ಕೈತ್ರಿ."

ಆಸ್ಪತ್ರೆಗೆ ಹೋಗಿ ನೋಡಿದರೆ ಬಲಗೈಯ ಎರಡು ಬೆರಳು ಇರಲೇ ಇಲ್ಲ. ಅವನಿಗೆ ಎಚ್ಚರವೂ ಇರಲಿಲ್ಲ. ಗಾಯಕ್ಕೆ ಯಂತ್ರದ ಎಣ್ಣೆ, ಕೊಳೆ ಎಲ್ಲ ಮೆತ್ತಿದೆ, ನಂಜೇರದಂತೆ ಕೂಡಲೇ ಇಂಜೆಕ್ಷನ್ ಕೊಡಬೇಕು ಎಂದ ವೈದ್ಯರು, ಇವರಿಗೆ ಆಗದ ಔಷಧ ಏನಾದರೂ ಇದೆಯೇ ಎಂದು ಕೇಳಿದರು. ಇದೆ, ಹೆಸರು ಬರೆದಿಟ್ಟಿದ್ದಾನೆ, ಈಗ ತರುತ್ತೇನೆ ಎಂದೆ. ಆ ಹೊತ್ತಿನಲ್ಲೂ ನನಗೆ ಒಂಥರಾ ಹೆಮ್ಮೆ ಎನಿಸಿತ್ತು ನೋಡಿ. ನಮ್ಮ ಸೀತಾರಾಮ ಬರೆದಿಡದ್ದು ಯಾವುದಿದೆ ಎಂದುಕೊಂಡೇ ಆಟೋ ಹತ್ತಿದೆ.

ಮೂರೂ ತಂತಿ ಕೆಳಗಿಳಿಸಿ ನೆಲದ ಮೇಲೆ ಕಾರ್ಡು ಹರವಿದೆ. ಚೌಡಮ್ಮನ ಎಮ್ಮೆ ಸಿಕ್ಕಿತು, ಏಣಿ ಸಿಕ್ಕಿತು, ನನ್ನ ಮಗಳು ದೀಕ್ಷಿತಾಗೆ ಮೊದಲ ಹಲ್ಲು ಬಂದ ದಿನ ಸಿಕ್ಕಿತು. ವೈದ್ಯರ ಕೈಬರಹ ಒಂದೂ ಇಲ್ಲ. ಎರಡನೇ ತಂತಿಯ ಬುಡದಲ್ಲಿ ಯಾವುದೋ ನಾಮಕರಣದ ಕಾರ್ಡಿತ್ತು. ಅದರ ಬೆನ್ನಿಗೆ ಆ ನವರಾತ್ರಿಯ ಮರುದಿನದ ತಾರೀಕು, ಕೆಳಗೆ ಅವನ ಗುಂಡು ಅಕ್ಷರ:

"ಹುಬ್ಬಳ್ಳಿಯ ಔಷಧದ ಹೆಸರು ಇದ್ದದ್ದು ಅಮ್ಮನ ಕಡೆಯ ಚಿಕ್ಕಮ್ಮನ ಹದಿಮೂರನೇ ದಿನದ ಕಾರ್ಡಿನಲ್ಲಿ. ನಿನ್ನೆ ಹೋಯಿತು. ಹುಬ್ಬಳ್ಳಿಗೆ ಹೋಗಿ ಮತ್ತೆ ಬರೆಸಿಕೊಂಡು ಬರಬೇಕು. ಪರಿಮಳಾಗೆ ತಿಳಿಯಬಾರದು."

ಪರಿಮಳಾ ಎಂದರೆ ನಾನು.

ಅದರ ಕೆಳಗೆ ಬೇರೆ ಮಸಿಯಲ್ಲಿ ಇನ್ನೊಂದು ಸಾಲಿತ್ತು: "ಹೋಗಿ ಬಂದೆ. ಆ ವೈದ್ಯರು ತೀರಿಕೊಂಡಿದ್ದಾರೆ. ಹಳೆಯ ಕಾಗದ ಯಾವುದೂ ಇಲ್ಲವಂತೆ."

ನಾನು ಬೆಂಕಿಗೆ ಹಾಕಿದ್ದು ಅವನ ಜೀವವನ್ನು. ಅದು ಗೊತ್ತಿದ್ದೂ ಸುಮಾರು ಮೂರು ವರ್ಷ ದಿನಾ ಬೆಳಗ್ಗೆ ನನ್ನೆದುರು ಕೂತು ಚಹಾ ಕುಡಿದಿದ್ದಾನೆ. ಒಂದು ಮಾತು ಆಡಲಿಲ್ಲ, ಮುಖ ಗಂಟಿಕ್ಕಲಿಲ್ಲ. ಅವನ ಮೇಲೂ ಸಿಟ್ಟು ಬಂತು ನನಗೆ, ಸುಳ್ಳು ಯಾಕೆ ಹೇಳಲಿ. ಬೈಯಬೇಕಿತ್ತು ಅವನು. ಬೈದಿದ್ದರೆ ನಾನೂ ನಾಲ್ಕು ಕಡೆ ಓಡಾಡಿ ಏನಾದರೂ ದಾರಿ ಹುಡುಕುತ್ತಿದ್ದೆ.

ಆಸ್ಪತ್ರೆಗೆ ವಾಪಸು ಬಂದೆ. ಹುಡುಕಿದೆ, ಸಿಗಲಿಲ್ಲ ಎಂದರೆ ಸಾಕಿತ್ತು. ಆಟೋದಲ್ಲಿ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ವೈದ್ಯರ ಎದುರು ನಿಂತಾಗ ಬಾಯಿಂದ ಬಂದದ್ದು ಬೇರೆ. ನಾನೇ ಹರಿದು ಸುಟ್ಟೆ, ಇನ್ನು ಎಲ್ಲೂ ಸಿಗುವುದಿಲ್ಲ ಎಂದೆ. ಮಾದೇವ ನನ್ನನ್ನೇ ನೋಡುತ್ತ ನಿಂತ. ವೈದ್ಯರು ಬೈಯಲಿಲ್ಲ. ಸಾಮಾನ್ಯವಾಗಿ ಇಂಥ ತೊಂದರೆ ಕೊಡುವ ಔಷಧಗಳನ್ನೆಲ್ಲ ಬಿಟ್ಟು ಬೇರೊಂದನ್ನು ತರಿಸಿದರು. ಅದೂ ಅವನಿಗೆ ಆಗುತ್ತದೆ ಎಂದು ಹೇಳುವಂತಿರಲಿಲ್ಲ. ಎಡ ಮುಂಗೈಯ ಚರ್ಮದೊಳಗೆ ಒಂದು ಹನಿ ಬಿಟ್ಟು, ಸುತ್ತ ಪೆನ್ನಿನಿಂದ ಗೆರೆ ಎಳೆದು, ಅರ್ಧ ತಾಸು ನೋಡಬೇಕು ಎಂದರು. ಉಸಿರು ಕಟ್ಟಿದರೆ ಕೊಡಲು ಇನ್ನೊಂದು ಸಿರಿಂಜು ತುಂಬಿಸಿಟ್ಟರು. ನಾನು ಆ ಗೆರೆಯನ್ನು ಬಿಟ್ಟು ಕಣ್ಣು ಕದಲಿಸಲಿಲ್ಲ. ಕೆಂಪಾಯಿತು ಅನ್ನಿಸುತ್ತಿತ್ತು, ಬಗ್ಗಿ ನೋಡಿದರೆ ಇಲ್ಲ. ಮಾರಿಕಾಂಬೆಗೆ ಏನೇನು ಹೇಳಿಕೊಂಡೆನೋ ಈಗ ನೆನಪಿಲ್ಲ. ಅರ್ಧ ತಾಸಿನ ಮೇಲೆ ವೈದ್ಯರು ಬಂದು ಕೈ ಮುಟ್ಟಿ ನೋಡಿ, ಇದನ್ನು ಕೊಡಬಹುದು ಎಂದರು.

ಸೀತಾರಾಮ ಉಳಿದ. ಅವನಿಗೆ ಆಗದ ಆ ಔಷಧದ ಹೆಸರು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ನಾಲ್ಕನೇ ದಿನ ಗಂಜಿ ಕುಡಿಸುವಾಗ, ಇನ್ನು ಬರೆಯುವುದು ಹೇಗೋ ಎಂದು ಅವನು ಬ್ಯಾಂಡೇಜಿನ ಕೈ ನೋಡಿಕೊಂಡ. ನನಗೆ ತಡೆಯಲಾಗಲಿಲ್ಲ. ಸೆರಗಿನೊಳಗಿಂದ ನಾಮಕರಣದ ಕಾರ್ಡು ತೆಗೆದು ಅವನ ಮಡಿಲಿಗೆ ಹಾಕಿದೆ.

"ಎಂತಕ್ಕೆ ಹೇಳಿದ್ದಿಲ್ಲೆ?" ಎಂದೆ. "ಸತ್ತೇ ಹೋಗಿದ್ರೆ?"

ಅವನು ಕಾರ್ಡನ್ನು ನೋಡಿದ, ನನ್ನನ್ನು ನೋಡಿದ. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿದ.

"ನೀಲಾ ಹೋದ್ಮೇಲೆ ಬರೆಸಲೆ ಅಲ್ದೇ ನಮ್ಮನೆಗೆ ಬಪ್ಪವು ನೀನೊಬ್ಬಳೇಯ. ಹೇಳಿದ್ರೆ ನೀನೂ ಬಪ್ಪದು ಬಿಡ್ತಿದ್ದೆ. ಅದಕ್ಕಿಂತ ಆ ಹೆಸ್ರು ಹೋದ್ರೂ ಅಡ್ಡಿಲ್ಲೆ."