ಕಲ್ಯಾಣಿಗೆ ಬಿಟ್ಟ ಸಮುದ್ರದ ಮೀನು

ಮಗಳ ಬೆರಳಲ್ಲಿ ನರೂಲಿ ಎದ್ದಿದೆ. ಹರಕೆಯ ಉಪ್ಪು, ಮೆಣಸು ಹಾಕೋಕೆ ಅಂತ ಇವತ್ತು ಕೆಂಗೇರಿ ಕಡೆಯ ದೇವಸ್ಥಾನದ ಕಲ್ಯಾಣಿಗೆ ಬಂದೆ. ಪಾಚಿ ವಾಸನೆ ಮೂಗಿಗೆ ಬಡೀತು. ಚಿಕ್ಕಂದಿನ ಆ ಮೀನು ನೆನಪಾಯ್ತು.

ವಿಜಯನಗರದ ನಮ್ಮನೆ ಹಾಲ್‌ನಲ್ಲಿ ಅಪ್ಪ ಸಮುದ್ರದ ಮೀನು ಸಾಕಿದ್ರು. ಬಕೆಟ್‌ನಲ್ಲಿ ಉಪ್ಪು ಕದಡಿ, ಬನಿಯನ್‌ಗೆ ಕೈ ಒರೆಸ್ಕೊಂಡು ಟ್ಯಾಂಕಿಗೆ ಸುರೀತಿದ್ರು. ಹೆಬ್ಬೆರಳಷ್ಟಿದ್ದ ನೀಲಿ ಮೀನು ಅಂಗೈ ಮೀರಿ ಬೆಳೀತು. ತಿರುಗೋಕೆ ಜಾಗ ಸಾಲದೆ ಗಾಜಿಗೆ ಮೂತಿ ತಿಕ್ಕಿ ಗಾಯ ಮಾಡ್ಕೊಂಡಿತ್ತು. ಅಂಗಡಿಯವನು ವಾಪಸ್ ತಗೋತೀನಿ ಅಂದಿದ್ದ. ನಾನೇ ಹಟ ಹಿಡಿದೆ.

"ಕಲ್ಯಾಣಿಗೆ ಬಿಡೋಣಪ್ಪ. ಅಜ್ಜಿ ಜೊತೆ ಹೋದಾಗೆಲ್ಲ ನೋಡಬಹುದು."

"ಅದಕ್ಕೆ ಉಪ್ಪುನೀರೇ ಬೇಕು ಕಣೋ," ಅಂದ್ರು ಅಪ್ಪ.

"ಎಲ್ಲರೂ ಅಲ್ಲಿಗೆ ಉಪ್ಪೇ ತಾನೇ ಹಾಕೋದು?"

ಅಜ್ಜಿಯೂ ದನಿಗೂಡಿಸಿದ್ರು, "ಹೌದು ಕಣಪ್ಪ, ನಮ್ಮತ್ತೆ ಕಾಲದಿಂದ ಹಾಕ್ತಾನೇ ಇದೀವಿ." ಅಪ್ಪ ಒಪ್ಪಿಬಿಟ್ರು.

ಇದೇ ಮೆಟ್ಟಿಲ ಮೇಲೆ ನಿಂತು ಬಕೆಟ್ ಬಗ್ಗಿಸಿದ್ವಿ. ಮೀನು ಒಂದು ಸುತ್ತು ಅಗಲವಾಗಿ ಈಜಿತು. ನಾನು ಚಪ್ಪಾಳೆ ತಟ್ಟಿದೆ. ಆಮೇಲೆ ಅದು ಪಕ್ಕಕ್ಕೆ ವಾಲಿ, ಬಾಯಿ ತೆರೆದು ಮುಚ್ಚುತ್ತಾ ನಮ್ಮ ಕಾಲ ಬಳಿಗೇ ಬಂತು. ಅಪ್ಪ ಆಗ ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಕೊಂಡ್ರು.

"ಸಪ್ಪೆ ಕಣೋ," ಅಂದ್ರು.

ಮನೆಯಿಂದ ತಂದ ಉಪ್ಪುನೀರನ್ನೂ ಮೀನಿನ ಜೊತೆಗೇ ಸುರಿದುಬಿಟ್ಟಿದ್ವಿ. ಅದು ಸಾಯೋವರೆಗೂ ಅಪ್ಪ ಖಾಲಿ ಬಕೆಟ್ ಹಿಡ್ಕೊಂಡೇ ನಿಂತಿದ್ರು.

"ಹಾಕಪ್ಪಾ," ಅಂತ ಮಗಳು ಕೈ ಜಗ್ಗಿದಳು. ನಾನು ಬಗ್ಗಿ, ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಕೊಂಡೆ.

ಇಷ್ಟು ವರ್ಷ ಅಷ್ಟೊಂದು ಉಪ್ಪು ಬಿದ್ದಿದೆ. ಇನ್ನೂ ಸಪ್ಪೆ.