ಫಸ್ಟ್ ಪ್ರೈಜ್ ಗೆದ್ದ ಗೋಡೆ

ಹಸು ಇರುವ ಫೋಟೋಗೆ ಹತ್ತಕ್ಕೆ ಹತ್ತು. ಹಸು ಇಲ್ಲದಿದ್ದರೆ ಐದು. ಇದು ಮುನಿರಾಜಣ್ಣನ ಮಾರ್ಕಿಂಗ್ ಸಿಸ್ಟಂ.

ಕಳೆದ ಭಾನುವಾರ ಬೆಳಿಗ್ಗೆ ಹೂಡಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಫೋಟೋ ಸ್ಪರ್ಧೆ ಇತ್ತು. ತೀರ್ಪುಗಾರರು ಮೂವರು. ಪೇಪರಿನಲ್ಲಿ ಬರೆಯುವವನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ತಪ್ಪು ತಿಳಿವಳಿಕೆಯಿಂದ ನಾನು. ಇಂಟೀರಿಯರ್ ಡಿಸೈನರ್ ಆದ್ದರಿಂದ ಪಕ್ಕದ ಬ್ಲಾಕಿನ ರೋಹಿತ್. ಇಡೀ ಬಿಲ್ಡಿಂಗ್ ನಿಂತಿರುವುದೇ ಅವರ ರಾಗಿ ಹೊಲದ ಮೇಲೆ ಆದ್ದರಿಂದ ಮುನಿರಾಜಣ್ಣ. (ಅವರನ್ನು ಕರೆಯದೆ ನಮ್ಮಲ್ಲಿ ಗಣೇಶನನ್ನೂ ಕೂರಿಸುವುದಿಲ್ಲ.)

ಫೋಟೋಗಳಿಗೆ ಹೆಸರಿಲ್ಲ, ಬರೀ ನಂಬರ್. ಟೆಕ್ ಪಾರ್ಕಿನ ಗಾಜಿನ ಮೇಲೆ ಸೂರ್ಯಾಸ್ತ. ಕೂಲಿಂಗ್ ಗ್ಲಾಸ್ ಹಾಕಿಕೊಂಡ ನಾಯಿ. ನೊರೆಯಲ್ಲಿ ಹೃದಯ ಬಿಡಿಸಿದ ಕಾಫಿ. ಮತ್ತೆ ಸೂರ್ಯಾಸ್ತ. ನಾಯಿಯ ಜೊತೆ ಸೂರ್ಯಾಸ್ತ. ನಮ್ಮ ಏರಿಯಾದಲ್ಲಿ ಸೂರ್ಯ ದಿನಕ್ಕೆ ಇಷ್ಟೊಂದು ಸಲ ಮುಳುಗುತ್ತಾನೆಂದು ನನಗೆ ಗೊತ್ತೇ ಇರಲಿಲ್ಲ.

ಮೂಲೆಯಲ್ಲೊಂದು ಕಪ್ಪು ಬಿಳುಪು ಫೋಟೋ. ಅದರಲ್ಲಿ ಇದ್ದದ್ದು ಬರೀ ಗೋಡೆ. ಮೇಲೊಂದು ಕಿಟಕಿ, ಅದರ ಕೆಳಗೆ ಸಾಲಾಗಿ ಮೊಳೆಗಳು, ಮೊಳೆಗಳ ಸುತ್ತ ಗಾರೆ ಕಿತ್ತುಹೋದ ಸಣ್ಣ ಸಣ್ಣ ಗುಳಿಗಳು.

"ಸಾರ್, ಟೆಕ್ಸ್ಚರ್ ನೋಡಿ. ಆ ಮೊಳೆಗಳ ರಿದಮ್ ನೋಡಿ. ಸಕ್ಕತ್ ಮಿನಿಮಲ್" ಎಂದ ರೋಹಿತ್.

ನಾನು ತಲೆಯಾಡಿಸಿದೆ. ಮಿನಿಮಲ್ ಎಂದ ಮೇಲೆ ತಲೆಯಾಡಿಸದೆ ಇರಲಾದೀತೇ?

ಮುನಿರಾಜಣ್ಣ ಹತ್ತಿರ ಹೋಗಿ ನೋಡಿದರು, ದೂರ ಬಂದು ನೋಡಿದರು. "ಅಸು ಇಲ್ಲ. ಆದ್ರೂ ಏನೋ ಅದೆ ಕಣಪ್ಪ ಇದ್ರಲ್ಲಿ. ಎಂಟು ಆಕ್ಕಳಿ" ಎಂದರು. ಅವರ ಕೈಯಿಂದ ಹಸುವಿಲ್ಲದೆ ಎಂಟು ಪಡೆಯುವುದೆಂದರೆ ಸಾಮಾನ್ಯವೇ? ಫಸ್ಟ್ ಪ್ರೈಜ್ ಗೋಡೆಗೇ ಹೋಯಿತು.

ಹೆಸರು ಕೂಗಿದರೆ, ನಮ್ಮ ಬ್ಲಾಕಿನ ವಿಮಲಾ ಮೇಡಂ. ಸೈನ್ಯದ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು, ತಂಗಿಯ ಮಗಳ ಜೊತೆ ಇದ್ದಾರೆ. ಹೌಸಿ ಆಡುವಾಗ ಕರೆಯದ ನಂಬರಿಗೆಲ್ಲ ಟಿಕ್ ಹಾಕಿ ಸಿಕ್ಕಿಬೀಳುತ್ತಾರೆ, ಸಿಕ್ಕಿಬಿದ್ದದ್ದಕ್ಕೆ ಎಲ್ಲರಿಗಿಂತ ಜೋರಾಗಿ ತಾವೇ ನಗುತ್ತಾರೆ. ಬಹುಮಾನ ಏರ್ ಫ್ರೈಯರ್. ಸ್ಟೇಜ್ ಹತ್ತಿ ಅದರ ಡಬ್ಬ ತಬ್ಬಿಕೊಂಡವರೇ ಮೈಕಿನಲ್ಲಿ ಕೇಳಿದರು: "ಇದ್ರಲ್ಲಿ ಬೋಂಡ ಆಗತ್ತೇನ್ರೀ?"

ಹಾಲ್ ತುಂಬ ನಗು. ಅದೇ ಖುಷಿಯಲ್ಲಿ ರೋಹಿತ್, "ಮೇಡಂ, ಇದು ಯಾವ ಕೆಫೆ? ಈ ಹಳೇ ಫಿನಿಶ್ ನಮ್ ಕ್ಲೈಂಟ್‌ಗಳಿಗೆ ತುಂಬಾ ಇಷ್ಟ" ಎಂದ.

"ಕೆಫೆ ಅಲ್ಲಪ್ಪ. ಸ್ಕೂಲು."

ಮೇಡಂ ಡಬ್ಬವನ್ನು ಕೆಳಗಿಟ್ಟರು. ಅಂತರ್ಯುದ್ಧ ನಡೆಯುತ್ತಿದ್ದ ಒಂದು ದೇಶಕ್ಕೆ ಶಾಂತಿಪಾಲನಾ ಪಡೆಯ ಆಸ್ಪತ್ರೆಯ ಜೊತೆ ಹೋಗಿದ್ದರಂತೆ. ಈ ಫೋಟೋ ತೆಗೆದದ್ದು ಅಲ್ಲಿ.

"ಆ ಮೊಳೆ ಮಕ್ಕಳು ಬ್ಯಾಗ್ ನೇತುಹಾಕೋಕೆ. ಗುಳಿ ಎಲ್ಲಾ ಗುಂಡಿಂದು. ದೊಡ್ಡೋರಿಗೆ ಹೊಡ್ದಿದ್ರೆ ಕಿಟಕಿ ಎತ್ತರಕ್ಕೆ ಬೀಳ್ಬೇಕಿತ್ತು. ನೋಡಿ, ಅಲ್ಲಿ ಒಂದೂ ಇಲ್ಲ. ಎಲ್ಲಾ ಮೊಳೆ ಸಾಲಲ್ಲೇ ಇದೆ."

ದನಿ ಏರಿಸಲಿಲ್ಲ, ಕಣ್ಣೊರೆಸಿಕೊಳ್ಳಲಿಲ್ಲ. ನಾನು ಮತ್ತೆ ಫೋಟೋ ನೋಡಿದೆ. ಗೋಡೆ ಅದೇ, ಮೊಳೆ ಅವೇ. ಈಗ ನೋಡುತ್ತಾ ನಿಲ್ಲುವುದು ಕಷ್ಟ, ಅದರಿಂದ ಕಣ್ಣು ಕೀಳುವುದು ಇನ್ನೂ ಕಷ್ಟ.

ರೋಹಿತ್ ನನ್ನ ಕಿವಿಯ ಹತ್ತಿರ ಬಂದ. "ಸಾರ್, ಮಕ್ಕಳೆಲ್ಲ ಇದಾರೆ. ಇದಕ್ಕೆ ಸ್ಪೆಷಲ್ ಮೆನ್ಷನ್ ಕೊಟ್ಟು, ಸೂರ್ಯಾಸ್ತಕ್ಕೆ ಫಸ್ಟ್ ಕೊಡೋಣ್ವಾ?"

ಮುನಿರಾಜಣ್ಣನ ಕಿವಿ ಚುರುಕು. "ಅಲ್ಲ ಕಣಪ್ಪ, ಏನೂ ಗೊತ್ತಿಲ್ದಿದ್ದಾಗ ಫಸ್ಟು, ಗೊತ್ತಾದ್ಮೇಲೆ ಸೆಕೆಂಡಾ? ಅದೆಂಗೆ?"

ಅಲ್ಲಿಗೆ ಆ ಮಾತು ಮುಗಿಯಿತು. ಬಹುಮಾನ ಉಳಿಯಿತು. ಮೇಡಂ ಮತ್ತೆ ಡಬ್ಬ ಎತ್ತಿಕೊಂಡರು.

ಆಮೇಲೆ ಸಮೋಸದ ಟೇಬಲ್ಲಿನ ಹತ್ತಿರ ಮೆಲ್ಲಗೆ ಕೇಳಿದೆ. "ಮೇಡಂ, ಅಲ್ಲಿ ಬೇರೆ ಫೋಟೋಗಳೂ ತೆಗೆದಿದ್ರಾ?"

"ತೆಗ್ದಿದ್ದೀನಿ. ಅವುಗಳಲ್ಲಿ ರಕ್ತ ಇದೆ. ತೋರಿಸಿದ ತಕ್ಷಣ ಜನ ಮುಖ ತಿರುಗಿಸ್ಕೋತಾರೆ. ಇದನ್ನಾದ್ರೆ ನೀವು ಮೂರು ಜನ ಎಷ್ಟೊತ್ತು ನೋಡಿದ್ರಿ ನೋಡಿ." ಹಾಗೆನ್ನುತ್ತಲೇ ನನ್ನ ತಟ್ಟೆಯಿಂದ ಒಂದು ಸಮೋಸ ಎತ್ತಿಕೊಂಡು ಕಣ್ಣು ಮಿಟುಕಿಸಿದರು.

ಹೌದಲ್ಲವೇ? ಬೆಳಿಗ್ಗೆ ಕಾಫಿ ಹೀರುತ್ತಾ ಮೊಬೈಲಿನಲ್ಲಿ ಎಷ್ಟು ಯುದ್ಧಗಳನ್ನು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತೇವೆ? ಸತ್ತವರ ಫೋಟೋ ಆದ ಮೇಲೆ ಸೀರೆ ಸೇಲ್, ಸೀರೆ ಆದ ಮೇಲೆ ಕ್ರಿಕೆಟ್. ನಾನೂ ತಳ್ಳುತ್ತೇನೆ, ನೀವೂ ತಳ್ಳುತ್ತೀರಿ. ಗೋಡೆಗೆ ಅಂಟಿಸಿದ ಫೋಟೋವನ್ನು ಮಾತ್ರ ಹೆಬ್ಬೆರಳಿನಿಂದ ತಳ್ಳಲು ಆಗುವುದಿಲ್ಲ.

ಸೋಮವಾರ ಅದಕ್ಕೆ ಫ್ರೇಮ್ ಹಾಕಿಸಿ ಲಿಫ್ಟ್ ಪಕ್ಕ ತೂಗುಹಾಕಿದರು. ಮಂಗಳವಾರ ವಾಟ್ಸಾಪ್ ಗ್ರೂಪಿನಲ್ಲಿ, ಅಪರೂಪಕ್ಕೆ ಕನ್ನಡದಲ್ಲೇ, ಒಂದು ಮೆಸೇಜು. "ದಯವಿಟ್ಟು ಲಿಫ್ಟ್ ಹತ್ತಿರದ ಆ ಫೋಟೋ ತೆಗೆಯಿರಿ. ಬೆಳಿಗ್ಗೆ ಬೆಳಿಗ್ಗೆ ಮೂಡ್ ಹಾಳಾಗುತ್ತೆ." ಕೆಳಗೆ ಹೆಬ್ಬೆರಳುಗಳ ಮೆರವಣಿಗೆ. ಕೈಮುಗಿದವರೂ ಇದ್ದರು. ಒಬ್ಬರಂತೂ ಬದಲಿಗೆ ಹಾಕಲು ಸೂರ್ಯಾಸ್ತವನ್ನೇ ಕಳಿಸಿಬಿಟ್ಟರು.

ಫೋಟೋ ಇವತ್ತಿಗೂ ಅಲ್ಲೇ ಇದೆ. ಯಾಕೆಂದರೆ ಅದೇ ಗ್ರೂಪಿನಲ್ಲಿ ವಿಮಲಾ ಮೇಡಂ ಹೀಗೊಂದು ಉತ್ತರ ಹಾಕಿದರು:

"ಅವತ್ತು ಗನ್ ಹಿಡ್ಕೊಂಡಿದ್ದವನು ಫೋಟೋ ತೆಗೀಬೇಡ ಅಂದ. ಇವತ್ತು ನೀವು ತೆಗೀರಿ ಅಂತಿದ್ದೀರ. ಇಬ್ರೂ ಹೇಳ್ತಿರೋದು ಒಂದೇ ಅಲ್ವಾ?"