ಹಗೇವಿಗೆ ಇಳಿಸುವ ಕಂದೀಲು

ಕನ್ನೊಳ್ಳಿಯ ನಮ್ಮ ಪಡಸಾಲೆಯ ಮೊಳೆಗೆ ಒಂದು ಕಂದೀಲು ತೂಗುತ್ತದೆ. ಕರೆಂಟು ಹೋದರೂ ನಾವದನ್ನು ಹಚ್ಚುವುದಿಲ್ಲ, ಹಾಗೆಂದು ಹಳೇ ಸಾಮಾನಿನವನಿಗೆ ಕೊಡುವುದೂ ಇಲ್ಲ. ಊರ ಹಗೇವು, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಆಳದ ಗುಂಡಿ, ತೆರೆದಾಗ ಮೊದಲು ಇಳಿಯುತ್ತಿದ್ದುದು ಇದೇ. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಒಳಗೆ ಕೆಟ್ಟ ಗಾಳಿ ತುಂಬಿದೆಯೆಂದು ಅರ್ಥ; ಗೌಡರ ಜೋಳವೇ ಇರಲಿ, ಯಾರೂ ಇಳಿಯಕೂಡದು.

ಆ ಹಗೇವನ್ನು ಊರವರು ಒಬ್ಬ ವ್ಯಾಪಾರಿಗೆ ವಹಿಸಿಕೊಟ್ಟ ವರ್ಷ, ಸಿಂದಗಿ ಪೇಟೆಗೆ ಹೊರಟ ಲಾರಿ ಊರ ಅಗಸಿಬಾಗಿಲಲ್ಲಿ ನಿಂತು ಹಾರನ್ನು ಹೊಡೆಯುತ್ತಿತ್ತು. "ಹಗೇವು ನಿನ್ನೆನ ತೆಗದೈತಿ, ದೀಪ ಯಾಕ? ಇಳಿಯೋ ತಮ್ಮಾ" ಎಂದನಾ ವ್ಯಾಪಾರಿ. ನಮ್ಮಣ್ಣ ಇಳಿದ. ಕಂದೀಲು ಹಿಡಿದು ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಸೊಂಟದ ಹಗ್ಗ ಹಿಡಿದು ಎಳೆದು ಮೇಲೆ ತಂದಾಗ ಉಸಿರಿತ್ತು, ಅಷ್ಟೇ. ಅಂದಿನಿಂದ ಅಣ್ಣ ಆ ಮೊಳೆಯ ಕಡೆ ನೋಡುತ್ತಿರಲಿಲ್ಲ.

ಹೀಗಿರುವಾಗ ಅಣ್ಣನ ಮಗಳು ಸುಮಂಗಲಾ ಬಾಹ್ಯಾಕಾಶ ನಿಲ್ದಾಣದ ಸುದ್ದಿ ತಂದರೆ ನನಗೆ ಗುಮಾನಿ ಬಾರದಿರುತ್ತದೆಯೇ, ನೀವೇ ಹೇಳಿ? ಸರಕಾರಗಳು ಕೂಡಿ ಕಟ್ಟಿದ ನಿಲ್ದಾಣಕ್ಕೆ ವಯಸ್ಸಾಯಿತಂತೆ, ಅದನ್ನು ಸಮುದ್ರಕ್ಕೆ ಬೀಳಿಸುತ್ತಾರಂತೆ, ಇನ್ನು ಮೇಲೆ ಕಂಪನಿಗಳೇ ಕಟ್ಟಿ ಬಾಡಿಗೆಗೆ ಕೊಡುತ್ತವಂತೆ. ಅಂಥದ್ದೊಂದು ಕಂಪನಿಯಲ್ಲಿ, ನಿಲ್ದಾಣದೊಳಗಿನ ಗಾಳಿ ಶುದ್ಧ ಮಾಡುವ ಯಂತ್ರವನ್ನು ಪರೀಕ್ಷಿಸಿ ಸಹಿ ಹಾಕುವುದು ಇವಳ ಕೆಲಸ. ಸರಕಾರದವರೇನು ಸಾಚಾ ಎಂದಲ್ಲ. ಒಂದು ಸಹಿಗೆ ಹತ್ತು ಸಲ ಅಲೆಸುವ ಮಂದಿ. ಆದರೆ ಅಲೆಸುವವನಿಗೆ ಲಾರಿಯ ಅವಸರವಿರುವುದಿಲ್ಲ. ವ್ಯಾಪಾರಕ್ಕೆ ಇಳಿದವನ ಕಿವಿಯಲ್ಲಿ ಹಾರನ್ನು ನಿಲ್ಲುವುದೇ ಇಲ್ಲ. ಅಷ್ಟು ಎತ್ತರದಲ್ಲಿ ಉಸಿರು ಕಟ್ಟಿದರೆ ಹಗ್ಗ ಹಿಡಿದು ಎಳೆಯುವವರು ಯಾರಪ್ಪ?

ಹೋದ ವಾರ ಅವಳ ಫೋನು ಬಂತು. ಯಂತ್ರ ಎರಡು ಸಲ ಕೈಕೊಟ್ಟಿತ್ತು. ಆದರೂ ಸೋಮವಾರದೊಳಗೆ ಸಹಿ ಹಾಕೆಂದು ಮೇಲಿನವರು ಬೆನ್ನು ಹತ್ತಿದ್ದರು. "ಕಾಕಾ, ಹಾಕಂಗಿಲ್ಲ ಅಂದ್ರ ಕೆಲಸ ಹೋಗ್ತೈತಿ" ಎಂದಳು. ಹಾಕಬೇಡ ಎನ್ನಲು ನನಗೆ ನಾಲಗೆ ಏಳಲಿಲ್ಲ. ಎರಡನೇ ಸಲವೂ ನಾನು ಸುಮ್ಮನೇ ನಿಂತೆನಲ್ಲ ಎಂದು ನಾಚಿಕೆಯಾಯಿತು.

ಸೋಮವಾರ ಸಂಜೆ ಮತ್ತೆ ಫೋನು. "ಹಾಕಲಿಲ್ಲ ಕಾಕಾ. ಇನ್ನೊಮ್ಮೆ ಪರೀಕ್ಷಾ ಆಗ್ಲಿ ಅಂದೇನಿ. ಸಿಟ್ಟಿಗೆದ್ದಾರ."

ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ನಾಳೆ ಆ ಕುರ್ಚಿಯಲ್ಲಿ ಬೇರೆ ಯಾರನ್ನೋ ಕೂರಿಸಿ ಸಹಿ ಹಾಕಿಸಿಕೊಳ್ಳುತ್ತಾರೆಂದೇ ನನ್ನ ಗುಮಾನಿ.

ಅಣ್ಣ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದ. "ದೀಪ ಇಳಿಸ್ಯಾಳೇನು?" ಎಂದ.

"ಇಳಿಸ್ಯಾಳಣ್ಣಾ."

ಆತ ಮೊಳೆಯ ಕಡೆ ನಡೆದು, ಕಂದೀಲು ತೆಗೆದುಕೊಂಡು, ಧೋತರದ ಚುಂಗಿನಿಂದ ಗಾಜು ಒರೆಸಿದ. ಆಮೇಲೆ ನನ್ನ ಕಡೆ ತಿರುಗಿ, "ಎಣ್ಣಿ ಎಲ್ಲೈತಿ?" ಎಂದು ಕೇಳಿದ.